ಮುಂಗಾಜಿನ ಮೇಲೆ ಮುಂಜಾವಿನ ಹಿಮ

ಹಿಂದಿನ ರಾತ್ರಿ ಮೊಬೈಲ್‌ನಲ್ಲಿ ನೋಡಿದಾಗ ಕನಿಷ್ಠ ಉಷ್ಣಾಂಶ 3 ಡಿಗ್ರಿ ಎಂದಿತ್ತು. ನೀರು ಹೆಪ್ಪುಗಟ್ಟುವುದು ಸೊನ್ನೆ ಡಿಗ್ರಿಯಲ್ಲಿ ಎಂದು ಶಾಲೆಯಲ್ಲೇ ಓದಿಕೊಂಡವರು ಚಿಂತೆಯಿಲ್ಲದೆ ಮಲಗುತ್ತಾರೆ. ಬೆಳಿಗ್ಗೆ ಕೆಲಸಕ್ಕೆ ಹೊರಟು ಕಾರಿನ ಬಳಿ ಬಂದರೆ ಮುಂಗಾಜಿನ ತುಂಬ ಬಿಳಿ ಪದರ. ಉಗುರಿನಿಂದ ಕೆರೆದರೆ ಗೆರೆ ಮೂಡುತ್ತದೆ, ಕಿತ್ತು ಬರುವುದಿಲ್ಲ. ವೈಪರ್ ಒತ್ತಿದರೆ ಮೋಟಾರು ನರಳುತ್ತದೆಯೇ ಹೊರತು ಕಡ್ಡಿ ಮೇಲೇಳುವುದಿಲ್ಲ. ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಿಂದ ಹೋಗಿ ಮ್ಯೂನಿಕ್‌ನಲ್ಲೋ ಮಿನಿಯಾಪೊಲಿಸ್‌ನಲ್ಲೋ ಮೊದಲ ಚಳಿಗಾಲ ಕಾಣುವವರನ್ನು ಗೊಂದಲಕ್ಕೆ ಕೆಡವುವ ಸಂಗತಿ ಇದು. ಮಳೆ ಬಿದ್ದಿಲ್ಲ, ಹಿಮ ಸುರಿದಿಲ್ಲ, ಗಾಳಿಯ ಉಷ್ಣಾಂಶ ಸೊನ್ನೆಗೆ ಇಳಿದೇ ಇಲ್ಲ. ಮತ್ತೆ ಈ ಪದರ ಎಲ್ಲಿಂದ ಬಂತು?

ಬಂದದ್ದು ಸುತ್ತಲಿನ ಗಾಳಿಯಿಂದಲೇ. ಅದಕ್ಕೆ ದಾರಿ ಮಾಡಿಕೊಟ್ಟದ್ದು ಆಕಾಶ. ಒಲೆಯಿಂದ ಇಳಿಸಿದ ಕಾವಲಿಯ ಮೇಲೆ ಕೈ ಚಾಚಿದರೆ ಮುಟ್ಟದೆಯೇ ಬಿಸಿ ತಾಗುತ್ತದಲ್ಲ, ಹಾಗೆಯೇ ಪ್ರತಿಯೊಂದು ವಸ್ತುವೂ ಸದಾ ಶಾಖವನ್ನು ವಿಕಿರಣವಾಗಿ ಹೊರಚೆಲ್ಲುತ್ತಿರುತ್ತದೆ. ಗಾಜು ಈ ಕೆಲಸದಲ್ಲಿ ಬಲು ಚುರುಕು. ಮೋಡವಿದ್ದರೆ ಅದು ಒಂದಿಷ್ಟು ಶಾಖವನ್ನು ಮರಳಿ ಕೆಳಕ್ಕೆ ಕಳಿಸುತ್ತದೆ. ಮೋಡವಿಲ್ಲದ, ಗಾಳಿಯಾಡದ ರಾತ್ರಿಯಲ್ಲಿ ಹೀಗೆ ಮರಳುವುದು ಕಡಿಮೆ. ಹಾಗಾಗಿ ಕಾರಿನ ಗಾಜು ತನ್ನ ಸುತ್ತಲಿನ ಗಾಳಿಗಿಂತ ಹಲವು ಡಿಗ್ರಿ ಹೆಚ್ಚು ತಣ್ಣಗಾಗುತ್ತದೆ. ಹವಾಮಾನ ಇಲಾಖೆಯ ಥರ್ಮಾಮೀಟರ್ ನೆಲದಿಂದ ಎದೆಯೆತ್ತರದಲ್ಲಿ, ಮುಚ್ಚಿಗೆಯಿರುವ ಪೆಟ್ಟಿಗೆಯೊಳಗೆ ಕೂತಿರುತ್ತದೆ. ಅದು ಹೇಳುವುದು ಗಾಳಿಯ ಉಷ್ಣಾಂಶವನ್ನು, ಗಾಜಿನದ್ದನ್ನಲ್ಲ. ಗಾಜಿನ ಮೈ ಸೊನ್ನೆಗಿಂತ ಕೆಳಗಿಳಿದು, ಗಾಳಿಯಲ್ಲಿ ತೇವವೂ ಸಾಕಷ್ಟಿದ್ದರೆ ನೀರಾವಿ ನೀರಾಗುವ ಗೋಜಿಗೂ ಹೋಗದೆ ನೇರವಾಗಿ ಹರಳುಗಟ್ಟಿ ಅಂಟಿಕೊಳ್ಳುತ್ತದೆ.

ಇದನ್ನು ಕಣ್ಣಾರೆ ಕಾಣಲು ಉಪಕರಣವೇನೂ ಬೇಡ. ಅಂಥ ಬೆಳಿಗ್ಗೆ ಬೀದಿಯ ಉದ್ದಕ್ಕೂ ನಿಂತ ಕಾರುಗಳನ್ನು ಗಮನಿಸಿದರೆ ಸಾಕು. ಆಕಾಶಕ್ಕೆ ಮುಖ ಮಾಡಿ ವಾಲಿರುವ ಮುಂಗಾಜು, ಹಿಂಗಾಜು ಮತ್ತು ಚಾವಣಿ ಬೆಳ್ಳಗಾಗಿರುತ್ತವೆ. ನೆಟ್ಟಗೆ ನಿಂತ ಪಕ್ಕದ ಗಾಜುಗಳ ಮೇಲೆ ಪದರ ತೆಳು, ಕೆಲವೊಮ್ಮೆ ಏನೂ ಇಲ್ಲ. ಅವುಗಳಿಗೆ ಕಾಣುವುದು ಅರ್ಧ ಆಕಾಶ, ಇನ್ನರ್ಧ ಎದುರಿನ ಗೋಡೆ ಮತ್ತು ನೆಲ. ಮನೆಯ ಗೋಡೆಗೆ ಒತ್ತಿ ನಿಲ್ಲಿಸಿದ ಕಾರಿನಲ್ಲಿ ಗೋಡೆಯ ಕಡೆಯ ಅಂಚು ಸ್ವಚ್ಛವಾಗಿದ್ದು, ಬಯಲಿನ ಕಡೆ ಮಾತ್ರ ಬಿಳಿ ಕಟ್ಟಿರುತ್ತದೆ. ಮರದ ಕೊಂಬೆಯ ಕೆಳಗೋ ತಗಡಿನ ಮಾಡಿನ ಕೆಳಗೋ ನಿಂತ ಕಾರಿನ ಒಡೆಯ ಕೀಲಿ ತಿರುಗಿಸಿ ಹೊರಟೇಬಿಡುತ್ತಾನೆ. ಪಕ್ಕದವನು ಇನ್ನೂ ಕೆರೆಯುತ್ತಿರುತ್ತಾನೆ. ಬೆಳಗಿನ ಈ ಕಷ್ಟದಲ್ಲಿ ಅರ್ಧದಷ್ಟು ಹಿಂದಿನ ಸಂಜೆ ಕಾರು ನಿಲ್ಲಿಸುವಾಗಲೇ ತೀರ್ಮಾನವಾಗಿರುತ್ತದೆ ಎಂಬುದು ಇಲ್ಲಿ ಮನದಟ್ಟಾಗಬೇಕಾದ ಮಾತು.

ಹಾಗಾಗಿ ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಒಳ್ಳೆಯ ಉಪಾಯವೆಂದರೆ ಗಾಜಿಗೆ ಆಕಾಶ ಕಾಣದಂತೆ ಮಾಡುವುದು. ಗ್ಯಾರೇಜ್ ಇದ್ದವರಿಗೆ ಚಿಂತೆಯಿಲ್ಲ. ಇಲ್ಲದವರು ಮುಂಗಾಜಿಗೆ ಹೊದಿಕೆ ಹಾಕಿ, ಅದರ ಎರಡು ತುದಿಗಳನ್ನು ಬಾಗಿಲ ಸಂದಿಗೆ ಸಿಕ್ಕಿಸಿದರೆ ಹಿಮ ಹೊದಿಕೆಯ ಮೇಲೆ ಕೂರುತ್ತದೆ, ಗಾಜಿನ ಮೇಲಲ್ಲ. ಬೆಳಿಗ್ಗೆ ಅದನ್ನು ಎಳೆದು ಕೊಡವಿದರೆ ಮುಗಿಯಿತು. ಹೊದಿಕೆ ನೀರು ಹೀರದಂಥದ್ದಾಗಿರಬೇಕು. ಹಳೆಯ ಹತ್ತಿ ಬೆಡ್‌ಶೀಟೋ ರಟ್ಟೋ ತೇವ ಕುಡಿದರೆ ಗಾಜಿಗೇ ಹೆಪ್ಪುಗಟ್ಟಿ ಅಂಟಿ, ಒಂದು ಕೆಲಸ ಎರಡಾಗುತ್ತದೆ. ಕಾರಿನ ಮೂತಿಯನ್ನು ಪೂರ್ವಕ್ಕೆ ಮಾಡಿ ನಿಲ್ಲಿಸುವುದೂ ಉಪಯೋಗಕ್ಕೆ ಬರುತ್ತದೆ, ಎದುರಿಗೆ ಮರೆಯಿಲ್ಲದೆ ಬಿಸಿಲು ಬೀಳುವಂತಿದ್ದರೆ. ಆದರೆ ಡಿಸೆಂಬರ್‌ನಲ್ಲಿ ಸ್ಟಾಕ್‌ಹೋಮ್‌ನಂಥ ಊರುಗಳಲ್ಲಿ ಸೂರ್ಯ ಮೂಡುವ ಮುನ್ನವೇ ಜನ ಕಚೇರಿಯಲ್ಲಿರುತ್ತಾರೆ.

ಎಲ್ಲ ಹಿಮವೂ ಒಂದೇ ಬಗೆಯದಲ್ಲ. ರಾತ್ರಿ ಕಟ್ಟಿದ ಹರಳುಹಿಮ ಒರಟು, ಸಡಿಲ. ಪ್ಲಾಸ್ಟಿಕ್ ಸ್ಕ್ರೇಪರ್‌ಗೆ ಪುಡಿಯಾಗಿ ಉದುರುತ್ತದೆ. ಮಳೆ ಬಿದ್ದು ಹೆಪ್ಪುಗಟ್ಟಿದ ಪದರ ಗಟ್ಟಿ, ಪಾರದರ್ಶಕ, ಹಟಮಾರಿ. ಅದರಲ್ಲೂ ಅತ್ಯಂತ ಕೆಟ್ಟದ್ದು ಹೆಪ್ಪುಮಳೆ. ಸೊನ್ನೆಗಿಂತ ಕೆಳಗಿಳಿದರೂ ದ್ರವವಾಗಿಯೇ ಉಳಿದ ಹನಿಗಳು ಏನನ್ನು ತಾಕಿದರೆ ಅದರ ಮೇಲೇ ಮಂಜುಗಡ್ಡೆಯಾಗುತ್ತವೆ. 1998ರ ಜನವರಿಯಲ್ಲಿ ಕೆನಡಾದ ಮಾಂಟ್ರಿಯಲ್ ಸುತ್ತಮುತ್ತ ದಿನಗಟ್ಟಲೆ ಇಂಥ ಮಳೆ ಸುರಿದು ವಿದ್ಯುತ್ ಗೋಪುರಗಳೇ ಮಡಚಿ ಬಿದ್ದವು. ಲಕ್ಷಾಂತರ ಮನೆಗಳು ಕತ್ತಲಲ್ಲಿ ಮುಳುಗಿದವು. ಉಕ್ಕಿನ ಗೋಪುರವನ್ನೇ ಕೆಡವುವ ಮಂಜುಗಡ್ಡೆಯೆದುರು ಕಾರಿನ ವೈಪರ್ ಯಾವ ಲೆಕ್ಕ?

ವೈಪರ್ ಎಂಬ ಸಾಧನ ಹುಟ್ಟಿದ್ದೂ ಇಂಥದ್ದೇ ಚಳಿಗಾಲದಲ್ಲಿ. ಅಮೆರಿಕದ ಅಲಬಾಮಾ ರಾಜ್ಯದ ಮೇರಿ ಆ್ಯಂಡರ್ಸನ್ ಎಂಬ ಮಹಿಳೆ 20ನೇ ಶತಮಾನದ ಆರಂಭದಲ್ಲಿ ನ್ಯೂಯಾರ್ಕ್‌ಗೆ ಬಂದಿದ್ದರು. ಹಿಮಮಿಶ್ರಿತ ಮಳೆ ಸುರಿಯುತ್ತಿದ್ದ ದಿನ ಟ್ರಾಮ್‌ನಲ್ಲಿ ಕೂತಿದ್ದ ಅವರಿಗೆ ಕಂಡದ್ದು, ಚಾಲಕ ಮುಂದಿನ ಕಿಟಕಿಯನ್ನೇ ತೆರೆದು, ಕೊರೆಯುವ ಗಾಳಿಗೆ ಮುಖವೊಡ್ಡಿ ಗಾಡಿ ಓಡಿಸುತ್ತಿದ್ದ ದೃಶ್ಯ. ಗಾಜು ಮುಚ್ಚಿದರೆ ದಾರಿ ಕಾಣದು, ತೆರೆದರೆ ಚಳಿ ತಡೆಯಲಾಗದು. ಊರಿಗೆ ಮರಳಿದ ಆಕೆ, ಒಳಗೆ ಕೂತೇ ಹಿಡಿ ತಿರುಗಿಸಿದರೆ ಹೊರಗಿನ ಗಾಜನ್ನು ಒರೆಸುವ ರಬ್ಬರಿನ ತೋಳನ್ನು ರೂಪಿಸಿದರು. 1903ರ ನವೆಂಬರ್ 10ರಂದು ಅದಕ್ಕೆ ಪೇಟೆಂಟ್ ಸಿಕ್ಕಿತು. ಮುಂದೆ ಅದನ್ನು ಮಾರಲು ಹೋದಾಗ ಕೆನಡಾದ ಕಂಪನಿಯೊಂದು ಇದರಿಂದ ವ್ಯಾಪಾರವಾಗದು ಎಂದು ತಿರಸ್ಕರಿಸಿತು. ಪೇಟೆಂಟ್ ಅವಧಿ 1920ರಲ್ಲಿ ಮುಗಿದುಹೋಯಿತು. ಕಾರುಗಳು ಮನೆಮನೆಗೆ ಬಂದದ್ದು, ವೈಪರ್ ಇಲ್ಲದ ಕಾರೇ ಇಲ್ಲವೆಂದಾದದ್ದು ಆಮೇಲೆ. ತನ್ನ ಆಲೋಚನೆಯಿಂದ ಆಕೆಗೆ ಹಣ ಬರಲಿಲ್ಲ. ಅಮೆರಿಕದ ರಾಷ್ಟ್ರೀಯ ಆವಿಷ್ಕಾರಕರ ಗೌರವ ಪಟ್ಟಿಗೆ ಹೆಸರು ಸೇರಿದ್ದು 2011ರಲ್ಲಿ, ಆಕೆ ತೀರಿಕೊಂಡು ಅರ್ಧ ಶತಮಾನಕ್ಕೂ ಹೆಚ್ಚು ಕಾಲವಾದ ಮೇಲೆ. ಇಂದು ಪ್ರತಿ ವಾಹನದ ಮೇಲೂ ಇರುವ ಸಾಧನವೊಂದಕ್ಕೆ ಇಷ್ಟು ತಡವಾಗಿ ಮನ್ನಣೆ ಸಿಕ್ಕಿದ್ದು ಅನ್ಯಾಯವೇ ಸರಿ.

ವೈಪರ್ ಹಸಿಹಿಮವನ್ನು ತಳ್ಳಬಲ್ಲದು, ಗಾಜಿಗೆ ಕಚ್ಚಿದ ಮಂಜುಗಡ್ಡೆಯನ್ನು ಕೀಳಲಾರದು. ವೈಪರ್ ಕಡ್ಡಿ ಗಾಜಿಗೆ ಅಂಟಿಕೊಂಡಿರುವಾಗ ಸ್ವಿಚ್ ಒತ್ತಿದರೆ ರಬ್ಬರ್ ಹರಿಯುತ್ತದೆ, ಫ್ಯೂಸ್ ಸುಡುತ್ತದೆ. ಅದಕ್ಕೇ ಚಳಿದೇಶಗಳಲ್ಲಿ ರಾತ್ರಿ ಕಾರು ನಿಲ್ಲಿಸುವಾಗ ವೈಪರ್ ಕಡ್ಡಿಗಳನ್ನು ಗಾಜಿನಿಂದ ಮೇಲೆತ್ತಿ ನಿಲ್ಲಿಸುವ ರೂಢಿಯಿದೆ. ಇನ್ನೂ ಮುಖ್ಯವಾದದ್ದು, ಎಂಜಿನ್ ಆರಿಸುವ ಮುನ್ನ ವೈಪರ್ ಸ್ವಿಚ್ಚನ್ನೂ ಆರಿಸುವುದು. ಇಲ್ಲವಾದರೆ ಮರುದಿನ ಕೀಲಿ ತಿರುಗಿಸಿದ ಕೂಡಲೇ ಅದು ಮಂಜುಗಡ್ಡೆಯೊಂದಿಗೆ ಗುದ್ದಾಟಕ್ಕಿಳಿಯುತ್ತದೆ.

ಹಿಮ ಕರಗಿಸಲು ಯಾಕಿಷ್ಟು ಹೊತ್ತು ಹಿಡಿಯುತ್ತದೆ ಎಂಬುದಕ್ಕೆ ಸರಳ ಲೆಕ್ಕವಿದೆ. ಸೊನ್ನೆ ಡಿಗ್ರಿಯ ಒಂದು ಕಿಲೊ ಮಂಜುಗಡ್ಡೆಯನ್ನು ಸೊನ್ನೆ ಡಿಗ್ರಿಯ ನೀರಾಗಿಸಲು ಸುಮಾರು 334 ಕಿಲೊಜೂಲ್ ಶಾಖ ಬೇಕು. ಒಂದು ಲೀಟರ್ ನೀರನ್ನು 20 ಡಿಗ್ರಿಯಿಂದ ಕುದಿಯುವ ಹಂತಕ್ಕೆ ತರಲು ಬೇಕಾಗುವುದೂ ಹೆಚ್ಚುಕಡಿಮೆ ಅಷ್ಟೇ. ಒಂದೂವರೆ ಚದರ ಮೀಟರಿನ ಮುಂಗಾಜಿನ ಮೇಲೆ ಒಂದು ಮಿಲಿಮೀಟರ್ ದಪ್ಪದ ಮಂಜುಗಡ್ಡೆಯಿದ್ದರೆ ಅದರ ತೂಕ 1.4 ಕಿಲೊ ಹತ್ತಿರ. ಡಿಫ್ರಾಸ್ಟರ್ ಊದುವ ಬಿಸಿಗಾಳಿಗೆ ಶಾಖ ಬರಬೇಕಾದದ್ದು ಎಂಜಿನ್ನಿನಿಂದ. ಆ ಎಂಜಿನ್ ತಾನೇ ರಾತ್ರಿಯಿಡೀ ಕೊರೆದುಹೋಗಿರುತ್ತದೆ. ಮೊದಲ ಹಲವು ನಿಮಿಷ ಬರುವುದು ಬರೀ ತಣ್ಣನೆಯ ಗಾಳಿ.

ಈ ಕಾಯುವಿಕೆಯನ್ನು ತಪ್ಪಿಸಲು ಫೋರ್ಡ್ ಕಂಪನಿ 1980ರ ದಶಕದ ನಡುವಿನಲ್ಲಿ ಯುರೋಪಿನ ತನ್ನ ಕಾರುಗಳಲ್ಲಿ ವಿದ್ಯುತ್ತಿನಿಂದ ಬಿಸಿಯಾಗುವ ಮುಂಗಾಜನ್ನು ತಂದಿತು. ಮುಂಗಾಜು ಎಂಬುದು ಒಂದೇ ಹಲಗೆಯಲ್ಲ. ಎರಡು ಗಾಜುಗಳ ನಡುವೆ ಪ್ಲಾಸ್ಟಿಕ್ ಹಾಳೆಯೊಂದನ್ನು ಇಟ್ಟು ಬೆಸೆದದ್ದು. ಆ ನಡುವಿನ ಪದರದಲ್ಲಿ ಕೂದಲಿಗಿಂತ ತೆಳ್ಳನೆಯ ತಂತಿಗಳನ್ನು ಹಾಯಿಸಿ ವಿದ್ಯುತ್ ಹರಿಸಿದರೆ ಗಾಜು ಒಳಗಿನಿಂದಲೇ ಬೆಚ್ಚಗಾಗುತ್ತದೆ. ಇಲ್ಲೊಂದು ಜಾಣತನವಿದೆ. ಇಡೀ ಪದರವನ್ನು ಕರಗಿಸಬೇಕಾಗಿಲ್ಲ, ಗಾಜಿಗೆ ಅಂಟಿದ ತೆಳುವಾದ ಒಂದು ಪೊರೆ ಕರಗಿದರೆ ಉಳಿದದ್ದು ತಾನೇ ಜಾರುತ್ತದೆ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ವಿಕ್ಟರ್ ಪೆಟ್ರೆಂಕೊ ಇದೇ ತತ್ತ್ವ ಹಿಡಿದು, ಕ್ಷಣಮಾತ್ರ ಬಲವಾದ ವಿದ್ಯುತ್ ಹರಿಸಿ ಹಿಡಿತ ಬಿಡಿಸುವ ವಿಧಾನದ ಮೇಲೆ ಸಂಶೋಧನೆ ನಡೆಸಿದರು.

ಈ ತಂತ್ರಜ್ಞಾನ ಇಲ್ಲದ ಕಾರಿನಲ್ಲಿ, ಹೊತ್ತಾಯಿತೆಂಬ ಗಡಿಬಿಡಿಯಲ್ಲಿ, ಕೆಲವರು ಅಡುಗೆಮನೆಗೆ ಓಡಿ ಕುದಿಯುವ ನೀರನ್ನು ತಂದು ಸುರಿಯುತ್ತಾರೆ. ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿಲ್ಲ. ಮೈನಸ್ 10 ಡಿಗ್ರಿಯಲ್ಲಿರುವ ಗಾಜಿನ ಹೊರಮೈ ಬಿಸಿನೀರು ತಾಗಿದಲ್ಲಿ ತಟ್ಟನೆ ಹಿಗ್ಗುತ್ತದೆ, ಒಳಪದರ ತಣ್ಣಗೇ ಇರುತ್ತದೆ. ಎಂದೋ ಕಲ್ಲು ಸಿಡಿದು ಆದ ಕಾಳಿನಷ್ಟು ಗಾಯವಿದ್ದರೂ ಅಲ್ಲಿಂದ ಬಿರುಕು ಗಾಜಿನ ಉದ್ದಕ್ಕೂ ಓಡುತ್ತದೆ. ಒಡೆಯದಿದ್ದರೂ ನಷ್ಟವೇ: ಸುರಿದ ನೀರು ನಿಮಿಷಗಳಲ್ಲಿ ಮತ್ತೆ ಹೆಪ್ಪುಗಟ್ಟುತ್ತದೆ, ಕೆಳಗೆ ಹರಿದದ್ದು ಚಾಲಕ ಕಾಲಿಡುವ ಜಾಗವನ್ನೇ ಜಾರುಬಂಡೆ ಮಾಡುತ್ತದೆ. ಲೋಹದ ಚಮಚ, ಚಾಕು ಹಿಡಿದು ಕೆರೆಯುವುದೂ ಬೇಡ. ಹಾಗೆ ಬಿದ್ದ ಗೀರುಗಳು ರಾತ್ರಿ ಎದುರಿನಿಂದ ಬರುವ ವಾಹನದ ಬೆಳಕನ್ನು ಚದುರಿಸಿ ಕಣ್ಣು ಕುಕ್ಕುತ್ತವೆ, ಮತ್ತು ಗಾಜು ಬದಲಿಸುವವರೆಗೂ ಉಳಿದಿರುತ್ತವೆ.

ಹಿಮ ಕರಗಿಸುವ ಸ್ಪ್ರೇ ಒಳ್ಳೆಯದು, ಒಳಗಿರುವುದು ಏನೆಂದು ಗೊತ್ತಿದ್ದರೆ. ಔಷಧಿ ಅಂಗಡಿಯಲ್ಲಿ ಸಿಗುವ 70 ಪ್ರತಿಶತದ ಐಸೊಪ್ರೊಪೈಲ್ ಆಲ್ಕೊಹಾಲ್ ಎರಡು ಪಾಲು, ನೀರು ಒಂದು ಪಾಲು ಬೆರೆಸಿ ಚಿಮುಕಿಸುವುದು ಅಮೆರಿಕದಲ್ಲಿ ಬಲು ಬಳಕೆಯ ಮನೆಮದ್ದು. ಶುದ್ಧ ಐಸೊಪ್ರೊಪೈಲ್ ಹೆಪ್ಪುಗಟ್ಟುವುದು ಮೈನಸ್ 89 ಡಿಗ್ರಿಯಲ್ಲಿ. ನೀರಿನೊಂದಿಗೆ ಬೆರೆತಾಗ ಅದರ ಹೆಪ್ಪುಬಿಂದುವನ್ನೂ ಕೆಳಕ್ಕಿಳಿಸುತ್ತದೆ. ಇದರ ಜಾಗದಲ್ಲಿ ವಿನೆಗರ್ ಹಾಕಿ ಎನ್ನುವ ಸಲಹೆಯೂ ಓಡಾಡುತ್ತದೆ. ಅಡುಗೆಯ ವಿನೆಗರ್‌ನಲ್ಲಿ ಆಮ್ಲ ಇರುವುದು ಪ್ರತಿಶತ 5ರಷ್ಟು ಮಾತ್ರ, ಉಳಿದದ್ದು ನೀರು. ಮೈನಸ್ 2 ಡಿಗ್ರಿಯ ಆಸುಪಾಸಿನಲ್ಲಿ ಅದೇ ಹೆಪ್ಪುಗಟ್ಟುತ್ತದೆ. ಉಪ್ಪುನೀರು ಕರಗಿಸುತ್ತದೆ ನಿಜ, ಜೊತೆಗೆ ಕಾರಿನ ಲೋಹಕ್ಕೆ ತುಕ್ಕನ್ನೂ ಹಿಡಿಸುತ್ತದೆ.

ವಾಷರ್ ಬಾಟಲಿಯಲ್ಲಿ ಬರೀ ನೀರಿದ್ದರೆ ಚಳಿನಾಡಿನಲ್ಲಿ ಅದು ಕೊಳವೆಯಲ್ಲೇ ಗಟ್ಟಿಯಾಗುತ್ತದೆ. ಅದಕ್ಕಾಗಿ ಆಲ್ಕೊಹಾಲ್ ಬೆರೆತ ಚಳಿಗಾಲದ ದ್ರವ ಬೇಕು. ಉತ್ತರ ಅಮೆರಿಕದಲ್ಲಿ ಇದರಲ್ಲಿ ಮೆಥನಾಲ್ ಇರುವುದು ಸಾಮಾನ್ಯ. ಕುಡಿದರೆ ಕಣ್ಣು ಹೋಗುವ, ಜೀವವನ್ನೇ ತೆಗೆಯುವ ವಿಷವದು. ಯುರೋಪ್ ಒಕ್ಕೂಟ ಇದೇ ಕಾರಣಕ್ಕೆ ಸಾರ್ವಜನಿಕರಿಗೆ ಮಾರುವ ಇಂಥ ದ್ರವಗಳಲ್ಲಿ ಮೆಥನಾಲ್‌ಗೆ ಬಿಗಿಯಾದ ಮಿತಿ ಹಾಕಿದೆ. ಮಕ್ಕಳಿರುವ ಮನೆಯಲ್ಲಿ ನೀಲಿಬಣ್ಣದ ಆ ಕ್ಯಾನು ಕೈಗೆಟುಕುವ ಜಾಗದಲ್ಲಿ ಇರಕೂಡದು. ಇನ್ನೊಂದು ಎಚ್ಚರ ಹೆದ್ದಾರಿಯದು. ವೇಗದಲ್ಲಿ ಹೋಗುವಾಗ ಚಿಮ್ಮಿಸಿದ ದ್ರವದಲ್ಲಿನ ಆಲ್ಕೊಹಾಲ್ ಗಾಳಿಗೆ ಬೇಗ ಆರಿ, ಉಳಿದ ನೀರು ಕಣ್ಣೆದುರೇ ಗಾಜನ್ನು ಬಿಳಿ ಮಾಡಬಹುದು. ಬಿಸಿಗಾಳಿಯಿಂದ ಗಾಜು ಬೆಚ್ಚಗಾದ ಮೇಲೆಯೇ ವಾಷರ್ ಒತ್ತಬೇಕು.

ಹೊರಗಿನ ಹಿಮ ಹೋದರೂ ಒಳಗಿನ ಮಸುಕು ಉಳಿಯುತ್ತದೆ. ಅದಕ್ಕೆ ಕಾರಣ ಕೂತವರ ಉಸಿರು, ಬೂಟಿನೊಂದಿಗೆ ಒಳಬಂದು ಮ್ಯಾಟಿನಲ್ಲಿ ಕರಗಿದ ಹಿಮ. ಮಡಿಕೇರಿ, ಆಗುಂಬೆಯ ಮಳೆಗಾಲದಲ್ಲಿ ಗಾಡಿ ಓಡಿಸಿದವರಿಗೆ ಇದು ಚೆನ್ನಾಗಿ ಗೊತ್ತು. ಮದ್ದೂ ಅದೇ: ಒಳಗಿನ ಗಾಳಿಯನ್ನೇ ಸುತ್ತಿಸುವ ಗುಂಡಿ ಆರಿಸಿ, ಹೊರಗಾಳಿ ಬಿಟ್ಟುಕೊಂಡು, ಹೀಟರಿನ ಜೊತೆಗೇ ಎ.ಸಿ. ಹಾಕುವುದು. ಚಳಿಯಲ್ಲಿ ಎ.ಸಿ. ಯಾಕೆಂದು ಹಲವರು ಹಿಂಜರಿಯುತ್ತಾರೆ. ಅದು ಗಾಳಿಯ ತೇವವನ್ನು ಹಿಂಡಿ ತೆಗೆಯುತ್ತದೆ, ಹೀಟರ್ ಆ ಒಣಗಾಳಿಯನ್ನು ಬಿಸಿ ಮಾಡುತ್ತದೆ.

ಅವಸರದಲ್ಲಿರುವ ಚಾಲಕ ಮಾಡುವ ಇನ್ನೊಂದು ಕೆಲಸ, ಕಣ್ಣಿನ ನೇರಕ್ಕೆ ಅಂಗೈಯಗಲದ ಕಿಂಡಿ ಕೆರೆದುಕೊಂಡು ಹೊರಟುಬಿಡುವುದು. ಆ ಕಿಂಡಿಯಲ್ಲಿ ಮುಂದಿನ ಕಾರು ಕಂಡೀತು. ಪಕ್ಕದ ಪಾದಚಾರಿ ದಾಟಿನಲ್ಲಿ ಕಾಲಿಟ್ಟ ಮಗು ಕಾಣುವುದಿಲ್ಲ. ಜರ್ಮನಿಯಲ್ಲಿ ಇದಕ್ಕೆ 10 ಯೂರೊ ದಂಡವಿದೆ. ಅಪಘಾತವಾದರೆ ವಿಮೆಯ ಹಣಕ್ಕೂ ಕತ್ತರಿ ಬೀಳಬಹುದು. ಬ್ರಿಟನ್ನಿನ ಹೆದ್ದಾರಿ ಸಂಹಿತೆಯ 229ನೇ ನಿಯಮ ಎಲ್ಲ ಕಿಟಕಿಗಳ ಹಿಮವನ್ನೂ ತೆಗೆಯಬೇಕೆನ್ನುತ್ತದೆ. ಕನ್ನಡಿಗರು ದೊಡ್ಡ ಸಂಖ್ಯೆಯಲ್ಲಿ ನೆಲೆಸಿರುವ ನ್ಯೂಜೆರ್ಸಿಯಲ್ಲಿ ಗಾಜಿನ ಜೊತೆ ಚಾವಣಿ, ಬಾನೆಟ್, ಡಿಕ್ಕಿಯ ಮೇಲಿನದ್ದನ್ನೂ ತೆಗೆಯದಿದ್ದರೆ 25ರಿಂದ 75 ಡಾಲರ್ ದಂಡ. ಚಾವಣಿಯಿಂದ ಕಿತ್ತ ಮಂಜುಗಡ್ಡೆ ಹಿಂದೆ ಬರುವವರಿಗೆ ಬಡಿದು ಗಾಯವೋ ನಷ್ಟವೋ ಆದರೆ ಖಾಸಗಿ ಕಾರಿನ ಚಾಲಕನಿಗೆ 200ರಿಂದ 1,000 ಡಾಲರ್. ಗಂಟೆಗೆ 100 ಕಿಲೊಮೀಟರ್ ವೇಗದಲ್ಲಿ ಹಲಗೆಯಷ್ಟು ಮಂಜುಗಡ್ಡೆ ಹಾರಿಬಂದರೆ ಏನಾದೀತೆಂದು ಯೋಚಿಸಿದರೆ ಈ ದಂಡ ಹೆಚ್ಚೆನಿಸುವುದಿಲ್ಲ.

ಎಂಜಿನ್ ಚಾಲೂ ಮಾಡಿಟ್ಟು ಮನೆಯೊಳಗೆ ಕಾಫಿ ಕುಡಿಯುತ್ತ ಗಾಜು ಕರಗಲಿ ಎಂದು ಕಾಯುವುದು ಹಲವು ಕಡೆ ರೂಢಿ. ಹೊಗೆ ಮತ್ತು ಸದ್ದಿನ ಕಾರಣಕ್ಕೆ ಜರ್ಮನಿಯಲ್ಲಿ ಇದೂ ದಂಡಕ್ಕೆ ಗುರಿ. ಕೀಲಿ ಒಳಗೇ ಬಿಟ್ಟ ಕಾರನ್ನು ಕಳ್ಳರು ಸಲೀಸಾಗಿ ಓಡಿಸಿಕೊಂಡು ಹೋಗುತ್ತಾರೆಂದು ಬ್ರಿಟನ್ನಿನ ಪೊಲೀಸರು ಚಳಿಗಾಲದಲ್ಲಿ ಎಚ್ಚರಿಸುತ್ತಲೇ ಇರುತ್ತಾರೆ. ಆದರೆ ಇವೆಲ್ಲಕ್ಕಿಂತ ಭಯಂಕರವಾದದ್ದು ಬಣ್ಣವಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್. 2016ರ ಜನವರಿಯ ಹಿಮಬಿರುಗಾಳಿಯ ನಂತರ ನ್ಯೂಜೆರ್ಸಿಯ ಪಸ್ಸೇಯಿಕ್ ಎಂಬ ಊರಿನಲ್ಲಿ ತಂದೆ ಹೊರಗೆ ಹಿಮ ಬಾಚುತ್ತಿದ್ದ. ತಾಯಿ ಮಕ್ಕಳೊಂದಿಗೆ ಬೆಚ್ಚಗಿರಲೆಂದು ಎಂಜಿನ್ ಓಡುತ್ತಿದ್ದ ಕಾರಿನೊಳಗೆ ಕೂತಿದ್ದಳು. ಹೊಗೆಕೊಳವೆ ಹಿಮದಲ್ಲಿ ಹೂತಿತ್ತು. ವಿಷಾನಿಲ ಕಾರಿನೊಳಗೆ ತುಂಬಿತು. ತಂದೆ ಕೆಲವೇ ಅಡಿ ದೂರದಲ್ಲಿದ್ದರೂ ತಾಯಿಯೂ ಹಸುಗೂಸೂ ಉಳಿಯಲಿಲ್ಲ. ಹಿಮ ಸುರಿದ ದಿನ ಮೊದಲು ಬಿಡಿಸಬೇಕಾದದ್ದು ಮುಂಗಾಜನ್ನಲ್ಲ, ಕಾರಿನ ಹಿಂಭಾಗದ ಹೊಗೆಕೊಳವೆಯನ್ನು. ಗ್ಯಾರೇಜಿನೊಳಗಂತೂ, ಬಾಗಿಲು ತೆರೆದಿದ್ದರೂ, ಎಂಜಿನ್ ಓಡಿಸುತ್ತ ಬಿಡಲೇಬಾರದು.

ಚಳಿಯೊಂದಿಗೆ ತಲೆಮಾರುಗಳಿಂದ ಬದುಕಿದ ಊರುಗಳು ಬೇರೆ ದಾರಿ ಕಂಡುಕೊಂಡಿವೆ. ಫಿನ್ಲೆಂಡ್‌ನ ವಸತಿ ಸಮುಚ್ಚಯಗಳ ಪಾರ್ಕಿಂಗ್‌ನಲ್ಲಿ, ಕೆನಡಾದ ವಿನಿಪೆಗ್‌ನಲ್ಲಿ, ಅಲಾಸ್ಕದ ಫೇರ್‌ಬ್ಯಾಂಕ್ಸ್‌ನಲ್ಲಿ ಕಾರು ನಿಲ್ಲಿಸುವಲ್ಲೇ ಪ್ಲಗ್ ಇರುತ್ತದೆ. ಎಂಜಿನ್ನಿಗೆ ಜೋಡಿಸಿದ ಪುಟ್ಟ ಹೀಟರಿಗೆ ಅಲ್ಲಿಂದ ವಿದ್ಯುತ್. ಹೊರಡುವ ಹೊತ್ತಿಗೆ ಎಂಜಿನ್ ಬೆಚ್ಚಗಿದ್ದರೆ ಡಿಫ್ರಾಸ್ಟರ್ ಬೇಗ ಬಿಸಿಗಾಳಿ ಕೊಡುತ್ತದೆ. ಎಲೆಕ್ಟ್ರಿಕ್ ಕಾರು ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದಿದೆ. ಹೊಗೆಯಿಲ್ಲ, ಎಂಜಿನ್ ಕಾಯುವ ತನಕ ತಡೆಯಬೇಕಿಲ್ಲ. ಚಾರ್ಜರಿಗೆ ಸಿಕ್ಕಿಸಿಟ್ಟಾಗಲೇ ಮೊಬೈಲ್‌ನಿಂದ ಹೇಳಿಟ್ಟರೆ ಬ್ಯಾಟರಿ ಖಾಲಿಯಾಗದೆ ಗಾಜು ಸ್ವಚ್ಛವಾಗಿರುತ್ತದೆ.

ಇದೆಲ್ಲ ದೂರದ ದೇಶಗಳ ಕಥೆಯೆಂದು ಕರ್ನಾಟಕದ ಚಾಲಕರು ಬದಿಗಿಡುವಂತಿಲ್ಲ. ಗುಂಡ್ಲುಪೇಟೆ, ಬಂಡೀಪುರ ದಾಟಿ ಊಟಿಗೆ ಹೋಗುವವರು ಡಿಸೆಂಬರ್, ಜನವರಿಯ ತಿಳಿಯಾದ ರಾತ್ರಿಗಳಲ್ಲಿ ತಲೈಕುಂದಾ ಸುತ್ತಮುತ್ತ ಹುಲ್ಲುಗಾವಲೂ ನಿಲ್ಲಿಸಿದ ವಾಹನಗಳೂ ಬೆಳ್ಳಗಾಗುವುದನ್ನು ಕಾಣುತ್ತಾರೆ. ತಣ್ಣನೆಯ ಗಾಳಿ ಭಾರ. ಅದು ಇಳಿದು ತಗ್ಗಿನಲ್ಲಿ ನಿಲ್ಲುತ್ತದೆ. ಹಾಗಾಗಿ ಅಲ್ಲಿ ಕಣಿವೆಯ ತಳಕ್ಕಿಂತ ತುಸು ಎತ್ತರದಲ್ಲಿ, ಮರದ ಕೆಳಗೆ ಗಾಡಿ ನಿಲ್ಲಿಸುವುದು ಲೇಸು. 2020ರ ಅಕ್ಟೋಬರ್‌ನಲ್ಲಿ ಅಟಲ್ ಸುರಂಗ ತೆರೆದ ಮೇಲೆ ಹಿಮಾಚಲದ ಲಾಹೌಲ್ ಕಣಿವೆಗೆ ಚಳಿಗಾಲದಲ್ಲೂ ದಾರಿಯಾಗಿದೆ. ಲಡಾಖ್‌ನ ಚಳಿ ಎಂಥದ್ದೆಂದರೆ, ಅಲ್ಲಿಗೆಂದೇ ಇಂಡಿಯನ್ ಆಯಿಲ್ 2019ರಲ್ಲಿ ಮೈನಸ್ 33 ಡಿಗ್ರಿಯವರೆಗೂ ಹರಿಯುವ ಡೀಸೆಲ್ ತಂದಿತು.

ಬೆಂಗಳೂರಿನಿಂದ ಹೊರಟ ಕಾರಿನ ವಾಷರ್ ಬಾಟಲಿಯಲ್ಲಿ ಸಾಮಾನ್ಯವಾಗಿ ಇರುವುದು ನಲ್ಲಿನೀರು. ಉತ್ತರದ ಚಳಿಗೆ ಹೋಗುವ ಮುನ್ನ ಅದನ್ನು ಖಾಲಿ ಮಾಡಿ ಚಳಿಗಾಲದ ದ್ರವ ತುಂಬಿಸಿ. ರೇಡಿಯೇಟರಿನಲ್ಲಿ ಕೂಲಂಟ್ ಮತ್ತು ನೀರು ಸಮಪಾಲು ಇದೆಯೇ ಎಂದು ಮೆಕ್ಯಾನಿಕ್ ಬಳಿ ಕೇಳಿ. ಆ ಪ್ರಮಾಣದಲ್ಲಿದ್ದರೆ ಮೈನಸ್ 35ರ ಆಸುಪಾಸಿನವರೆಗೆ ಭಯವಿಲ್ಲ. ಡಿಕ್ಕಿಯಲ್ಲಿ ಒಂದು ಪ್ಲಾಸ್ಟಿಕ್ ಸ್ಕ್ರೇಪರ್, ಒಂದು ಹೊದಿಕೆ ಇರಲಿ. ಬೆಳಿಗ್ಗೆ ಕಾಲು ಗಂಟೆ ಮೊದಲೇ ಕೆಳಗಿಳಿಯಿರಿ. ಮುಂದಿನದು, ಹಿಂದಿನದು, ಪಕ್ಕದವು ಮತ್ತು ಕನ್ನಡಿಗಳು, ಎಲ್ಲವೂ ಸ್ವಚ್ಛವಾಗುವ ತನಕ ದಯವಿಟ್ಟು ಗೇರ್ ಹಾಕಬೇಡಿ.